ಹನ್ನೆರಡಕ್ಕೊಂದು ಕೈ, ಆರಕ್ಕೊಂದು ಕೈ

ಮೊದಲು ಕೇಳಿಸಿಕೊಂಡದ್ದು ಎಲ್ಯುತೇರಿಯೊ.
ಮೇಲಿನ ಬಿಡಾರಕ್ಕೆ ನೀರಿನ ಟ್ಯಾಂಕು ಹೊತ್ತು
ಒಣಹಳ್ಳದ ಕಲ್ಲುದಾರಿ ಹತ್ತುತ್ತಿದ್ದೆವು.
ಕುರಿಯೊಂದರ ಕೆಮ್ಮು ಹುಡುಕುವವನ ಹಾಗೆ ತಲೆ ಓರೆ ಮಾಡಿ
"ಸೆನ್ಯೋರಾ, ಅಲ್ಲಿ" ಅಂದ, ಬಲಚಕ್ರದತ್ತ ಗಲ್ಲ ಚಾಚಿ.
ನನಗೆ ಕೇಳಿಸುತ್ತಿದ್ದುದು ಎಂಜಿನ್ನು, ರೇಡಿಯೊ,
ಟ್ಯಾಂಕಿನೊಳಗೆ ನೀರು ಹೊರಳುವ ಸದ್ದು.

ಆವತ್ತಿನಿಂದ ಅವನು ಬಾಗಿಲ ಮೇಲಿನ ಹಿಡಿಕೆ ಬಿಡಲಿಲ್ಲ.
ಇಳಿಜಾರಿನಲ್ಲಿ ಮಾತೂ ಆಡಲಿಲ್ಲ.
ನನಗೆ ಸಿಟ್ಟು ಬಂದಿತ್ತು, ಹೇಳಿಬಿಡುತ್ತೇನೆ:
ನೆವಾಡದ ಈ ಗುಡ್ಡಗಳಲ್ಲಿ ನಲವತ್ತು ವರ್ಷ ಗಾಡಿ ಓಡಿಸಿದವಳಿಗೆ
ಪೆರುವಿನಿಂದ ಮೊನ್ನೆ ಬಂದ ಕುರಿಗಾಹಿ ಹೇಳುವುದೆ?

ಭಾನುವಾರ ಜ್ಯಾಕು ಕೊಟ್ಟು ಎತ್ತಿದೆ.
ಟೈರು ನೆಲ ಬಿಟ್ಟಿತು, ನಾಲ್ಕು ಬೆರಳು.
ಗಡಿಯಾರದ ಹನ್ನೆರಡಕ್ಕೊಂದು ಕೈ, ಆರಕ್ಕೊಂದು ಕೈ,
ಒಳಕ್ಕೆ ನೂಕಿದೆ, ಹೊರಕ್ಕೆ ಎಳೆದೆ.
ಏನೂ ಇಲ್ಲ. ಗೆದ್ದವಳ ಹಾಗೆ ಅವನ ಮುಖ ನೋಡಿದೆ.
ಅವನು ಹಾರೆ ತಂದು ಟೈರಿನಡಿ ಕೊಟ್ಟು ಮೀಟಿದ.
ಟಕ್.
ಬಾಗಿಲ ಚಿಲಕ ಸರಿದಷ್ಟೇ ಸಣ್ಣ ಸದ್ದು.
ಟಾರ್ಚು ಹಿಡಿದು ಬಗ್ಗಿದೆ: ಕೆಳಗಿನ ಬಾಲ್ ಜಾಯಿಂಟಿನ ರಬ್ಬರು ಹರಿದು
ಗ್ರೀಸು ಇರಬೇಕಾದಲ್ಲಿ ತುಕ್ಕಿನ ಕೆಸರು.
ಬಟ್ಟಲಲ್ಲಿ ಗುಂಡು ಎದ್ದು ಕೂತು ಮಾಡುತ್ತಿತ್ತು
ಊಟದ ಮುಂದೆ ಹಟ ಹಿಡಿದ ಮಗುವಿನ ಹಾಗೆ.

ಕಳಚುವುದು ಅರ್ಧ ದಿನದ ಕೆಲಸವೆನ್ನುತ್ತದೆ ಪುಸ್ತಕ.
ಪುಸ್ತಕ ಬರೆದವರು ಇಲ್ಲಿನ ಉಪ್ಪುನೆಲ ಕಂಡಿಲ್ಲ.
ಬ್ರೇಕಿನ ಕ್ಯಾಲಿಪರನ್ನು ತಂತಿಯಲ್ಲಿ ತೂಗುಹಾಕಿ
ಡಿಸ್ಕು ತೆಗೆದು, ಹಬ್ಬಿನ ಮುಂದೆ ಎರಡು ತಾಸು ಸೋತೆವು.
ಅಪ್ಪನಿಂದ ನನಗುಳಿದ ಬಾಸ್ಕ್ ಭಾಷೆಯೆಲ್ಲ
ತುಕ್ಕು ಹಿಡಿದ ನಟ್ಟುಗಳಿಗೆ ಅವನು ಹಾಕುತ್ತಿದ್ದ ಶಾಪ;
ಇದ್ದಷ್ಟನ್ನೂ ಖರ್ಚು ಮಾಡಿದೆ.
ಎಲ್ಯುತೇರಿಯೊ ಕೆಚುವಾದಲ್ಲಿ ಏನೋ ಸೇರಿಸಿದ.
ಕಬ್ಬಿಣಕ್ಕೆ ಯಾವುದು ನಾಟಿತೋ, ಹಬ್ಬು ಕೈಗೆ ಬಂತು.
ಆಕ್ಸಲ್ ಕೋಲನ್ನು ಸೀಲಿಗೆ ತಾಗದ ಹಾಗೆ ಹೊರಗೆಳೆದೆವು.
ನಟ್ಟುಗಳನ್ನು ಪೂರ್ತಿ ತೆಗೆಯದೆ ತುದಿಯಲ್ಲೇ ಬಿಟ್ಟು
ಗೆಣ್ಣಿಗೆ ಸುತ್ತಿಗೆ ಬೀಸಿದೆ.
ಕಳಚಿಕೊಂಡರೂ ಕಾಲ ಮೇಲೆ ಬೀಳಬಾರದಲ್ಲ.
ಆರನೆಯ ಪೆಟ್ಟಿಗೆ ಬಿಟ್ಟುಕೊಟ್ಟಿತು.

ಕೆಳಗಿನದು ಹೊರಬರದೆ ಮೇಲಿನದಕ್ಕೆ ದಾರಿಯಿಲ್ಲ.
ಪ್ರೆಸ್ಸಿನ ತಿರುಪು ತಿರುಗಿಸುತ್ತ, ಕಬ್ಬಿಣವನ್ನೇ ನೋಡುತ್ತ
ಅವನು ಹೇಳಿದ:
ಅಯಕುಚೊ ದಾರಿ. ಅಣ್ಣನ ಲಾರಿ. ಆಲೂಗಡ್ಡೆ.
ಚಕ್ರ ಒಳಕ್ಕೆ ಮಡಚಿಕೊಂಡಿತಂತೆ,
ದಣಿದ ಕುದುರೆ ಮೊಣಕಾಲೂರುವಂತೆ.
"ಅದಕ್ಕೆ ಮುಂಚೆ ಒಂದು ತಿಂಗಳು ಅದು ಮಾತಾಡುತ್ತಿತ್ತು.
ಪಕ್ಕದಲ್ಲೇ ಕೂತಿರುತ್ತಿದ್ದೆ ನಾನು."
ಟಪ್ಪೆಂದು ಹಳೆಯ ಗುಂಡು ನೆಲಕ್ಕುರುಳಿತು.
ನಾನೇನೂ ಕೇಳಲಿಲ್ಲ. ತೂತು ಒರೆಸಿದೆ.
ಒರೆಸಿದ್ದನ್ನೇ ಮತ್ತೆ ಒರೆಸಿದೆ.

ಹೊಸದನ್ನು ಬಿಗಿಯುವುದಕ್ಕೆ ಒಂದು ಕ್ರಮವಿದೆ:
ಕೆಳಗಿನ ನಟ್ಟು ಅರೆಬಿಗಿ, ಆಮೇಲೆ ಮೇಲಿನದು,
ಕೊನೆಗೆ ಮತ್ತೆ ಕೆಳಗಿನದು, ತೋಳು ನಡುಗುವಷ್ಟು.
ಮೇಲಿನ ನಟ್ಟಿನ ಸೀಳೂ ಬೋಲ್ಟಿನ ತೂತೂ
ಕೂದಲೆಳೆಯಷ್ಟು ತಪ್ಪಿದ್ದವು; ಪಿನ್ನು ಹೋಗಲೊಲ್ಲದು.
ತುಸು ಸಡಿಲಿಸಿದ್ದರೆ ಸಾಕಿತ್ತು.
"ಹಿಂದಕ್ಕೆ ಬೇಡ" ಅಂದೆವು ಇಬ್ಬರೂ ಒಟ್ಟಿಗೆ, ಎರಡು ಭಾಷೆಯಲ್ಲಿ.
ಮುಂದಕ್ಕೇ ಬಿಗಿದೆ, ಮುಂದಿನ ಸೀಳು ಸಿಗುವವರೆಗೆ.

ಎಲ್ಲ ಮುಗಿದಾಗ ಬೆಂಚಿನ ಮೇಲೆ
ಒಂದು ಸ್ನ್ಯಾಪ್ ರಿಂಗು ಮಿಕ್ಕಿತ್ತು.
ಇಬ್ಬರೂ ಅದನ್ನೇ ನೋಡುತ್ತ ಕೂತೆವು. ಕತ್ತಲಾಗಿತ್ತು.
ಚಕ್ರ ಮತ್ತೆ ಬಿಚ್ಚಿ, ಅಂಗಾತ ಮಲಗಿ, ಟಾರ್ಚು ಬಿಟ್ಟು ನೋಡಿದೆ:
ಹೊಸದು ತನ್ನ ತೋಡಿನಲ್ಲೇ ಕೂತಿದೆ. ಮಿಕ್ಕಿದ್ದು ಹಳೆಯದು.
ಮೊದಲು ನಕ್ಕವನು ಅವನೇ.

ಮಂಗಳವಾರ ನೀರು ಹೊತ್ತು ಅದೇ ಹಳ್ಳ.
ರೇಡಿಯೊ ಆರಿಸಿದ್ದೆ.
ಇಳಿಜಾರಿನ ನಡುವೆ ಅವನ ಕೈ ಹಿಡಿಕೆಯಿಂದಿಳಿದು
ಜೇಬಿನಲ್ಲಿ ಸೂರ್ಯಕಾಂತಿ ಬೀಜ ಹುಡುಕಿತು.
ನನಗೂ ಒಂದು ಹಿಡಿ ಕೊಟ್ಟ.
ಆಮೇಲೆ ತಲೆ ಓರೆ ಮಾಡಿ
ಎಡಚಕ್ರಕ್ಕೆ ಕಿವಿಗೊಟ್ಟ.