ಅರವತ್ತೆಂಟು ಕಿಲೋ

ಬಾಗಲಕೋಟಿ ನವನಗರದಾಗ ಮೂರಂತಸ್ತಿನ ಹೆರಿಗಿ ದವಾಖಾನಿ.
ಲಿಫ್ಟಿನ ಸ್ಟೂಲಿನ ಮ್ಯಾಲ ನಾನು, ಒಂಬತ್ತು ವರ್ಷ.
ಬಟನ್ನಿನ ಮ್ಯಾಲ ಹಿತ್ತಾಳಿ ತಗಡು:
ಆರು ಮಂದಿ, ನಾನೂರಾ ಎಂಟು ಕಿಲೋ.
ಅಂದ್ರ ಸರಕಾರದ ತಕ್ಕಡ್ಯಾಗ
ಒಬ್ಬ ಮನಷ್ಯಾ ಅರವತ್ತೆಂಟು.
ನಾನಂತೂ ಐವತ್ತೊಂದು ದಾಟಿಲ್ಲ.
ಉಳದ ಹದಿನೇಳು ಯಾರ ಪಾಲು?

ನಿನ್ನಿ ತಪಾಸಣಿಗೆ ತಹಸೀನಾ ಮುಲ್ಲಾ ಮೇಡಂ ಬಂದ್ರು.
ಲೈಸೆನ್ಸಿನ ಚೌಕಟ್ಟು ಇತ್ತು, ಒಳಗ ತಾರೀಖು ಸತ್ತಿತ್ತು.
ಡಾಕ್ಟರ್ ಚಾ ತರಸಿದ್ರು. ಚಾ ಆರಿತು.
ಮೇಡಂ ಮಾಳಿಗಿ ಏರಿ
ಉಕ್ಕಿನ ಹಗ್ಗಕ್ಕ ಹಳೇ ಅರಿವಿ ಸುತ್ತಿ ಹಿಡದು
ನನಗಂದ್ರು: ಸಾವಕಾಶ ತಿರಗಸು.

ಹಗ್ಗ ಸರೀತು, ಸರೀತು,
ಅರಿವಿ ಗಕ್ಕನ ಸಿಗೀಬಿತ್ತು.
ಒಂದು ಹರದ ಎಳಿ. ಮುಂದಿನ ಗೇಣಿನ್ಯಾಗ ಒಂಬತ್ತು.

ಗುಳೇದಗುಡ್ಡದಾಗ ಖಣ ನೇಯ್ದಾಂವ ನಾ,
ಹರದ ಎಳಿ ಕಣ್ಣುಮುಚ್ಚಿ ಹಿಡದು
ಉಗುಳು ಹಚ್ಚಿ ಗಂಟು ಹಾಕಾಂವ.
ಚ್ಯಾಷ್ಟಿಗೆ ಕೇಳಿದೆ: ಇದಕ್ಕೊಂದು ಗಂಟು ಹಾಕ್ಲೇನ್ರಿ?
ಮೇಡಂ ನಗಲಿಲ್ಲ.
"ಇದಕ್ಕ ಗಂಟಿಲ್ಲ, ಪರಸಪ್ಪ."

ಬಾಗಿಲಕ್ಕ ಅರಗಿನ ಮುದ್ರಿ ಬಿತ್ತು.

ರಾತ್ರಿ ಬೀಳಗಿಯಿಂದ ಬಂದಾಕಿನ್ನ
ಕುರ್ಚಿಮ್ಯಾಲ ಕುಂದರಿಸಿ ನಾಕು ಮಂದಿ ಹೊತ್ತಿವಿ.
ನಡೂ ಪಾವಟಿಗ್ಯಾಗ ಆಕಿ ಬೈದಳು:
ಸರಕಾರಕ್ಕ, ಗಂಡಗ, ನನಗ,
ಮತ್ತ ಸರಕಾರಕ್ಕ.
ನನ್ನ ಹೆಗಲು ಏನೂ ಅನಲಿಲ್ಲ.

ನಸಕಿನ್ಯಾಗ ಕೂಸು ಅತ್ತಿತು.
ನರ್ಸಮ್ಮ ತೂಕ ಬರಕೊಂಡಳು:
ಎರಡೂವರಿಗೆ ನೂರು ಗ್ರಾಂ ಕಡಿಮಿ.

ಒಂಬತ್ತು ವರ್ಷ
ಆರು ಮಂದೀನ ಎಣಿಸಿ ಏರಿಸಿದೆ,
ಏಳು ಮಂದೀನ ಇಳಿಸಿದೆ.
ಏಳನೇದು ಯಾ ತಗಡಿನ್ಯಾಗೂ ಇರಲಿಲ್ಲ.

ಸ್ಟೂಲು ಒಳಗ ಉಳದೈತಿ.
ಮುದ್ರಿಯ ಆಚಿಗೆ, ಕತ್ತಲದಾಗ,
ಯಾರ ಭಾರಾನೂ ಇಲ್ದ
ತೂಗಾಡಲಾರದ ಕುಂತೈತಿ.