ಸುಳ್ಳು ಗೆರೆ

ರಾಸ್ ಅಲ್ ಖೈಮಾದ ಉತ್ತರಕ್ಕೆ, ಖೋರ್ ಖ್ವೈರ್ ಬಳಿ,
ಬೆಟ್ಟ ಒಡೆದು ಹಡಗಿಗೆ ತುಂಬುವ ರಸ್ತೆಯ ಬದಿಗೆ
ನಮ್ಮ ಡಬ್ಬಿ ಆಸ್ಪತ್ರೆ ನಿಂತಿದೆ. ಪಾಳಿ ಬದಲಾಗುವ ಹೊತ್ತು.
ಏಸಿ ಕೆಮ್ಮುತ್ತದೆ. ಹೊರಗೆ ನಲವತ್ತು ಜೊತೆ ಚಪ್ಪಲಿ.
ಒಳಗೆ ನಾನು, ಅಂಗೈಯಗಲದ ಯಂತ್ರ,
ಒಂದು ಬಾಟಲಿ ಜೆಲ್ಲು.

ಒಪ್ಪಿಗೆ ಪತ್ರ ಐದು ಭಾಷೆಯಲ್ಲಿದೆ; ಕನ್ನಡದಲ್ಲಿಲ್ಲ.
ನೂರಾ ಹದಿನೇಳನೆಯವನಿಗೆ ಹಾಗಾಗಿ ನಾನೇ ಓದಿ ಹೇಳಿದೆ,
ಬ್ಯಾರಿ ಮನೆಯ ನನ್ನ ಶಾಲೆ ಕನ್ನಡದಲ್ಲಿ.
ಇಳಕಲ್ಲಿನವನು, ಹುಸೇನಸಾಬ ನದಾಫ.
'ಪುಸ್ತಕಾ ಓದಿದಂಗ ಮಾತಾಡ್ತೀರಲ್ರೀ' ಎಂದು ನಕ್ಕ.
ನಗು ಅರ್ಧಕ್ಕೆ ಕೆಮ್ಮಾಯಿತು.

ಅಲ್ಲೂ ಕಲ್ಲು, ಇಲ್ಲೂ ಕಲ್ಲು.
ಅಲ್ಲಿಯದು ಕೆಂಪು, ಇಲ್ಲಿಯದು ಬೂದಿ ಬಣ್ಣ, ಅಷ್ಟೇ.
ಹನ್ನೊಂದು ವರ್ಷ.
ಅಂಗಿ ಬಿಚ್ಚಿದ. ಜೆಲ್ಲಿನ ತಣ್ಪಿಗೆ 'ಯವ್ವಾ' ಎಂದ.

ನಾನು ಕಲಿಯುವಾಗ ಮೇಷ್ಟ್ರು ಹೇಳಿದ್ದು:
ಶ್ವಾಸಕೋಶದ ಮೇಲೆ ಪ್ರೋಬ್ ಇಡಬೇಡ, ಅಲ್ಲೇನೂ ಕಾಣದು.
ಶಬ್ದಕ್ಕೆ ಗಾಳಿಯೇ ಗೋಡೆ.
ಯಕೃತ್ತು ಕಂಡೀತು, ಕೂಸು ಕಂಡೀತು, ಪಿತ್ತದ ಕಲ್ಲು ಕಂಡೀತು,
ಉಸಿರು ಕಾಣುವುದಿಲ್ಲ.
ಬರುವುದೆಲ್ಲ ಸುಳ್ಳು ಗೆರೆ, ಯಂತ್ರದ ಭ್ರಮೆ, ಲೆಕ್ಕಕ್ಕಿಡಬೇಡ.
ಪರೀಕ್ಷೆಯಲ್ಲಿ ಹಾಗೇ ಬರೆದೆ. ಎರಡು ಅಂಕ ಸಿಕ್ಕಿತು.

ಈಗ ಆ ಸುಳ್ಳನ್ನೇ ಎಣಿಸುವುದು ನನ್ನ ಕೆಲಸ.
ಎರಡು ಪಕ್ಕೆಲುಬಿನ ನಡುವೆ, ಬಾಗಿಲ ಸಂದಿಯಲ್ಲಿ ಇಣುಕಿದಂತೆ,
ಹೊಳೆವ ಒಂದು ಅಂಚು; ಉಸಿರಿಗೆ ಅತ್ತಿತ್ತ ಜಾರುತ್ತದೆ.
ಕೆಳಗೆ ಅಡ್ಡಗೆರೆಗಳು ಬಿದ್ದರೆ ಗಾಳಿ ತುಂಬಿದೆ, ಕ್ಷೇಮ.
ಅಂಚಿನಿಂದ ಪರದೆಯ ತಳದವರೆಗೆ ಬೆಳ್ಳಗೆ, ನೆಟ್ಟಗೆ ಇಳಿದರೆ
ಒಳಗೆ ನೀರೋ, ಮಾಯದ ಗಾಯವೋ, ಗಟ್ಟಿಯಾದ ಧೂಳೋ.
ಗೆರೆ ಅಷ್ಟೇ ಹೇಳುತ್ತದೆ, ಹೆಸರು ಹೇಳುವುದಿಲ್ಲ.
ಹೊಸ ಪ್ರೋಗ್ರಾಂ ತಾನೇ ಎಣಿಸುತ್ತದೆ;
ಅದರ ಲೆಕ್ಕವನ್ನು ನನ್ನ ಲೆಕ್ಕದ ಎದುರು ಇಟ್ಟು ನೋಡುತ್ತಾರೆ.
ಇದಿನ್ನೂ ಪ್ರಶ್ನೆ ಮಾತ್ರ, ಎನ್ನುತ್ತಾರೆ ಸೂಡಾನಿನ ಡಾಕ್ಟರ್ ಇಲ್ಹಾಮ್,
ಎಕ್ಸ್‌ರೇಗಿಂತ ಮುಂಚೆ ನಮಗೆ ಕಂಡೀತೇ ಎಂಬ ಪ್ರಶ್ನೆ.

ಎಡಬದಿ, ಕೆಳಗೆ: ಯಂತ್ರ ಮೂರು ಎಂದಿತು. ನಾನು ಐದು ಎಂದೆ.
ಮತ್ತೆ ನೋಡಿದೆ. ಐದೇ.
ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು.

'ಸಪ್ಪಳಾ ಬಿಡತೈತಿ ಅಂತೀರಿ, ಕೇಳೂದs ಇಲ್ಲಲ್ರೀ?'
ನಮ್ಮ ಕಿವಿಗೆ ಎಟಕದ ಸಪ್ಪಳ, ಎಂದೆ.
ಹೋಗಿ, ತಾಗಿ, ತಿರುಗಿ ಬಂದದ್ದನ್ನು ಇದು ಬರೆದುಕೊಳ್ಳುತ್ತದೆ.
ಚಾವಣಿ ನೋಡುತ್ತ ಸುಮ್ಮನಿದ್ದ. ಆಮೇಲೆ:

'ನಮ್ಮಪ್ಪ ಅರಳಿ ಹಿಂಜತಿದ್ದರಿ, ಗಾದಿಗೆ.
ಕಮಾನಿನ ತಂತಿ ತಂಯ್ ಅಂದ್ರ ಒಣಾ ಅರಳಿ,
ದಪ್ ಅಂದ್ರ ಹಸಿ. ಕೈಲೆ ಮುಟ್ಟತಿರಲಿಲ್ಲ,
ಕಣ್ಣ ಮುಚ್ಚಿ ಹೇಳಾಂವ.
ನಿಮ್ಮದೂ ಅದನ್ನs ಕೇಳತೈತಲ್ಲ, ಹಸಿ ಐತೋ ಒಣಾ ಐತೋ?'

ನಮ್ಮ ಆರು ಪುಟದ ಪ್ರಬಂಧದಲ್ಲಿ
ಈ ಮಾತಿಗೇ ಎರಡು ಪುಟ ಹಿಡಿದಿದೆ:
ಹಸಿ ಶ್ವಾಸಕೋಶ, ಒಣ ಶ್ವಾಸಕೋಶ.
ಕೊನೆಯಲ್ಲಿ ಆಕರಗಳು, ಐವತ್ತೆರಡು.
ಪಿಂಜಾರ ಒಬ್ಬನೂ ಇಲ್ಲ.

ಅಪ್ಪನಿಗೂ ಕೆಮ್ಮಿತ್ತೇ? ಕೇಳಬಾರದಿತ್ತೇನೋ.
'ಇತ್ತರಿ.'

ಗುಂಡಿ ಹಾಕುತ್ತ, ದನಿ ತಗ್ಗಿಸಿ ಅವನು ಕೇಳಿದ್ದು ಬೇರೆ:
'ಇದು ಕಂಪನಿಗೆ ಹೋಗತೈತೇನ್ರಿ?'
ಇಲ್ಲ. ಹೆಸರಿಲ್ಲ, ಬರೀ ನಂಬರು.
'ಹಂಗಾರ ಗುಳಿಗಿನೂ ನಂಬರಿಗೇ ಕೊಡತೀರೇನು?'

ಐದು ಭಾಷೆಯ ಹಾಳೆಯಲ್ಲಿ ಎಲ್ಲೂ ಅದಕ್ಕೆ ಉತ್ತರ ಇರಲಿಲ್ಲ.
ನಿಯಮ ಮೀರಿದೆನೋ ಏನೋ, ಚೀಟಿಯ ಹಿಂದೆ
ಇಲ್ಹಾಮ್ ಅವರ ಮೊಬೈಲ್ ಬರೆದೆ. ಮಂಗಳವಾರ, ನಾಲ್ಕರ ಮೇಲೆ.
ಟಿಶ್ಯೂ ಬೇಡವೆಂದ. ಹೆಗಲ ಕೆಂಪು ಟವೆಲಿನಿಂದ ಎದೆ ಒರೆಸಿಕೊಂಡ;
ಅದರ ಬಿಳಿ ಪುಡಿ ಜೆಲ್ಲಿಗೆ ಕಲಸಿ ಗಾರೆಯಾಯಿತು.
ಬಸ್ಸಿನ ಹಾರ್ನ್.
ನಲವತ್ತು ಜೊತೆಯಲ್ಲಿ ತನ್ನದನ್ನು ಕಾಲಿನಿಂದಲೇ ಹುಡುಕಿ ತೂರಿಸಿಕೊಂಡ.

ಮೂರೋ ಐದೋ ಎಂದು ಪರದೆ ಇನ್ನೂ ಕೇಳುತ್ತಿತ್ತು.
ಐದು ಒತ್ತಿದೆ.
ನೂರಾ ಹದಿನೆಂಟು, ಬನ್ನಿ.