ಸಿಹಿನೀರು

ಲಾರಿಯ ಚಕ್ರದಡಿಯಿಂದ ಚಿಮ್ಮಿದ ಕಲ್ಲು
ಕಡಲೆಕಾಳಿಗಿಂತ ದೊಡ್ಡದಿರಲಿಲ್ಲ.
ಪಾಟಗೋನಿಯಾದ ಗಾಳಿಯೇ ಸುಳ್ಳುಸುಳ್ಳೇ ಗದ್ದಲವೆಬ್ಬಿಸುತ್ತಿತ್ತು,
ರೇಡಿಯೇಟರು ಒಡೆದ ಸದ್ದು ನನಗೆ ಕೇಳಿಸಲೇ ಇಲ್ಲ.

ನೆಲಿದಾ ಕುರಿಕೇಯೋಳ ಶೆಡ್ಡು. ಬೆಳಗಿನ ಹತ್ತು.
ತಗಡಿನ ಮಾಡು ಹಲ್ಲು ಕಡಿಯುತ್ತಿತ್ತು.
ಕ್ಲಿಪ್ಪು ಸಡಿಲಿಸಿ, ಬೆರಳಿಗಂಟಿದ್ದನ್ನು ಮೂಸಿ,
ಮುಖ ಸಿಂಡರಿಸಿ ಕೇಳಿದಳು:
"ಇದರೊಳಗೆ ಮೊಟ್ಟೆ ಒಡೆದು ಹಾಕಿದೆಯಾ?"

ಹೌದು. ಎರಡು.
ನಮ್ಮ ಉಣ್ಣೆ ಕತ್ತರಿಸುವ ತಂಡದ ಅಡುಗೆಯವನ ಮಾತು:
ಬಿಸಿಗೆ ಬೆಂದು ತೂತಿಗೆ ತಾನೇ ಮೆತ್ತಿಕೊಳ್ಳುತ್ತದಂತೆ.
"ಅವನು ಕುರಿಮಾಂಸ ನೋಡಿಕೊಳ್ಳಲಿ," ಎಂದಳು,
ತಂತಿಯ ಕೊಕ್ಕೆಯಿಂದ ಬಿಳಿ ಚೂರುಗಳನ್ನು
ಒಂದೊಂದೇ ಎಳೆಯುತ್ತ.

ಹೊಸದು ಬ್ಯೂನಸ್ ಐರಿಸ್‌ನಿಂದ ಬರಬೇಕು,
ಬಸ್ಸಿನ ಹೊಟ್ಟೆಯಲ್ಲಿ, ಮೂರು ವಾರಕ್ಕೆ.
ನಾಳೆಯೇ ದಕ್ಷಿಣದಲ್ಲಿ ಎರಡು ಸಾವಿರ ಕುರಿ
ಮೈ ಭಾರ ಇಳಿಸಲು ಕಾಯುತ್ತಿದ್ದವು.

ಕಂಪ್ರೆಸರು ಕೆಟ್ಟಿತ್ತು.
ನಾಲ್ಕು ಸಲ ತೊಳೆದು, ಒಂದು ಬಾಯಿಗೆ ಬಿರಡೆ ಜಡಿದು,
ಇನ್ನೊಂದಕ್ಕೆ ಹೊಸ ನಳಿಕೆ ಸಿಕ್ಕಿಸಿ ನನ್ನ ಕೈಗಿತ್ತಳು,
ಬಚ್ಚಲಿನ ಹಳೇ ತೊಟ್ಟಿಯಲ್ಲಿ ಅದನ್ನು ಮುಳುಗಿಸಿ
"ಊದು," ಎಂದಳು.
ಊದಿದೆ, ಕಣ್ಣು ಮೇಲೆ ಸಿಕ್ಕುವಷ್ಟು.
ಎಡದಿಂದ ಆರನೆಯ ನಾಳದಲ್ಲಿ
ನನ್ನದೇ ಉಸಿರು ಗುಳ್ಳೆಗುಳ್ಳೆಯಾಗಿ
ನನ್ನ ಮುಂದೆಯೇ ಎದ್ದು ಬಂತು.

ನಾಳ ತುಂಡರಿಸಿ, ಎರಡೂ ತುದಿ ಇಕ್ಕಳದಲ್ಲಿ ಚಪ್ಪಟೆ ಮಾಡಿ,
ಟೂತ್‌ಪೇಸ್ಟಿನ ಬುಡ ಮಡಚುವಂತೆ ಮಡಚಿದಳು.
ಮೇಲೆ ಎಪಾಕ್ಸಿಯ ಬೂದು ಮುದ್ದೆ.
"ಒಂದು ಸತ್ತರೆ ಇಪ್ಪತ್ಮೂರು ಉಳಿದಿವೆ.
ಆರು ಗಂಟೆ ಒಣಗಲಿ. ಮಾತೆ ಕುಡಿ."

ಅವಳ ನಾಯಿಮರಿ ಆಗ ಬಂತು,
ಬೈಕಿನಡಿ ಮಿನುಗುವ ಹಸಿರು ಮಡುವಿಗೆ ನಾಲಗೆ ಚಾಚಿ.
ಕಾಲಲ್ಲೇ ದೂಡಿದಳು, ಕೂಗಿದಳು, ಮರಳು ಸುರಿದಳು.
"ಸಿಹಿ ಇರುತ್ತದೆ ಇದು. ನಾಯಿಗೆ ಗೊತ್ತಾಗುವುದು ಅಷ್ಟೇ.
ಕೆಲವು ಗುಟುಕು ಸಾಕು, ಮೂತ್ರಪಿಂಡ ಕಲ್ಲಾಗಲು."

ನಿನ್ನೆ ರಾತ್ರಿ ಲಾ ಪೊರ್ಫಿಯಾದಲ್ಲಿ
ಸೌದೆರಾಶಿಯ ಪಕ್ಕ ಬೈಕು ನಿಲ್ಲಿಸಿದ್ದೆ.
ಬೆಳಗ್ಗೆ ನೋಡಿದರೆ ಅಡಿಯಲ್ಲಿ ನೆಲ ಚೊಕ್ಕಟ.
ಸೋರುವುದು ನಿಂತಿತು, ಎಂದು ಮೊಟ್ಟೆಗೆ ಕೈಮುಗಿದಿದ್ದೆ.
ಪಕ್ಕದಲ್ಲಿ ಚಿಸ್ಪಾ, ಕುರಿ ಕಾಯುವ ಹೆಣ್ಣುನಾಯಿ,
ನನ್ನನ್ನು ಕಳಿಸಿಕೊಡಲು ಎದ್ದು
ಎರಡು ಹೆಜ್ಜೆ ತಪ್ಪಿ ಇಟ್ಟಿತ್ತು.
ವಯಸ್ಸು, ಅಂದುಕೊಂಡೆ.

ನೆಲಿದಾ ರೇಡಿಯೋ ತಿರುವಿದಳು. ಗೊರಗೊರ. ಮತ್ತೆ ಗೊರಗೊರ.
ಆಮೇಲೆ ಮೇಸ್ತ್ರಿಯ ಹೆಂಡತಿ:
"ಕುಡಿದವರ ಹಾಗೆ ತೂರಾಡುತ್ತಿದೆ, ಹುಡುಗರು ನಗುತ್ತಿದ್ದಾರೆ.
ಯಾಕೆ? ಓವರ್."

ಪಶುವೈದ್ಯೆ ಎಸ್ಕೆಲ್‌ನಲ್ಲಿದ್ದಳು, ಫೋನಿನಲ್ಲಿ ಅಂದಳು:
"ಕುಡಿಸಿ. ವೋಡ್ಕಾ, ನೀರು ಬೆರೆಸಿ, ಹನಿಹನಿ.
ಹೆಂಡ ಒಳಗಿದ್ದರೆ ವಿಷ ಸರದಿಯಲ್ಲಿ ನಿಲ್ಲುತ್ತದೆ.
ನಾನು ಸಂಜೆಗೆ ಹೊರಡುತ್ತೇನೆ."
ಕತ್ತರಿಯ ತಿಂಗಳು ಲಾ ಪೊರ್ಫಿಯಾದಲ್ಲಿ
ಒಂದು ಹನಿಯನ್ನೂ ಇಟ್ಟುಕೊಳ್ಳುವುದಿಲ್ಲ.
ನೆಲಿದಾಳ ಪಿಕಪ್ಪಿಗೆ ಎಂಜಿನ್ನೇ ಇರಲಿಲ್ಲ.
ಅರ್ಧ ಸೀಸೆ ಮಾತ್ರ ಇತ್ತು, ಬೋಲ್ಟುಗಳ ಹಿಂದೆ.

"ಒಣಗಿಲ್ಲ," ಎಂದೆ.
"ಹಿಡಿಯಬೇಕಾದ್ದು ಮಡಿಕೆ. ಗೋಂದು ನೆಪಕ್ಕೆ," ಎಂದಳು,
ಆಗಲೇ ನೀರು ತುಂಬುತ್ತಿದ್ದಳು, ಬರೀ ನೀರು.

ತೊಂಬತ್ತು ಕಿಲೋಮೀಟರು, ಬಂದ ದಾರಿಗೇ.
ರಸ್ತೆಗಿಂತ ಹೆಚ್ಚು ನೋಡಿದ್ದು ಬಿಸಿಯ ಮುಳ್ಳನ್ನು.
ಅದು ಕದಲಲಿಲ್ಲ.
ಎದೆಗೆ ಸೀಸೆ ತಟ್ಟುತ್ತಿತ್ತು.

ಗೇಟಿನ ಬಳಿ ಇಳಿದವನು
ಮೊದಲು ಬಗ್ಗಿದ್ದು ಬೈಕಿನಡಿಗೆ.
ಒಣನೆಲ. ಬೆಳಗಿನಂತೆಯೇ ಚೊಕ್ಕಟ.
ಕಣ್ಣನ್ನು ನಂಬದೆ ಅಂಗೈ ಒತ್ತಿ ನೋಡಿದೆ.

ಆಮೇಲೆ ತಲೆ ಎತ್ತಿದೆ,
ಸೌದೆರಾಶಿಯ ಕಡೆಗೆ.